ಕೌದಿಗೆ ಕತ್ತರಿ ತಾಗಿಸುವುದರ ಬಗ್ಗೆ ನನ್ನ ತಕರಾರು

೪-೧೧-೨೦೨೪, ಸೋಮವಾರ

ಕೆಳಗೆ ಸಹಿ ಮಾಡಿದವಳ ವಿವರ:

೧. ಹೆಸರು: ಮಾಸ್ತಮ್ಮ ಕೋಂ ದುರ್ಗಪ್ಪ ನಾಯ್ಕ. ಗಂಡ ತೀರಿಕೊಂಡಿದ್ದಾರೆ, ಹೆಸರಿನಿಂದ ಅವರನ್ನು ತೆಗೆಯುವ ಉದ್ದೇಶವಿಲ್ಲ.

೨. ವಯಸ್ಸು: ಎಪ್ಪತ್ತಾರು. ಕಣ್ಣು, ಕಿವಿ, ನಾಲಿಗೆ ಮೂರೂ ಚಾಲ್ತಿಯಲ್ಲಿವೆ.

೩. ವಾಸ: ತೆಂಗಿನಗುಂಡಿ ರಸ್ತೆ, ಭಟ್ಕಳ ತಾಲೂಕು.

೪. ತಂದೆ: ಮಾಬ್ಲ ನಾಯ್ಕರು, ಹೊನ್ನಾವರದಲ್ಲಿ ಕಚೇರಿಯ ಎದುರು ಮೇಜು ಹಾಕಿ ಜನರ ಅರ್ಜಿ ಬರೆಯುತ್ತಿದ್ದವರು. ಆ ಅರ್ಜಿಗಳ ಶುದ್ಧಪ್ರತಿ ತೆಗೆಯುತ್ತಿದ್ದವಳು ನಾನು. ಏಳನೇ ಇಯತ್ತೆಯ ನಂತರದ ನನ್ನ ವಿದ್ಯೆಯೆಲ್ಲ ಆ ಮೇಜಿನ ಮೇಲೆ ಆದದ್ದು.

೫. ತಾಯಿ: ಮನೆಯಲ್ಲಿದ್ದಳು. ಬೇರೆ ನಮೂದಿಸತಕ್ಕದ್ದಿಲ್ಲ.

೬. ತಕರಾರಿನ ವಸ್ತು: ಕೌದಿ ಒಂದು. ನನ್ನ ಮದುವೆಯಲ್ಲಿ ತವರಿನಿಂದ ಬಂದದ್ದು. ಚಕ್ಕುಬಂದಿ: ಪೂರ್ವಕ್ಕೆ ಕೆಂಪು ಅಂಚಿನ ಪಟ್ಟಿ, ಪಶ್ಚಿಮಕ್ಕೆ ನೀಲಿ ಚೌಕಳಿಯ ಸೀರೆ, ಉತ್ತರಕ್ಕೆ ನನ್ನ ಬಾಲ್ಯದ ಲಂಗದ ಹಳದಿ ಹೂವು, ದಕ್ಷಿಣಕ್ಕೆ ಮಾಸಿ ಬಣ್ಣ ತಿಳಿಯದಾದ ಬಟ್ಟೆ. ತನ್ನ ಗಾತ್ರಕ್ಕೆ ಮೀರಿದ ತೂಕವುಳ್ಳದ್ದು. ಹಾಲಿ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಕೀಲಿಕೈ ನನ್ನ ಸೊಂಟದಲ್ಲಿದೆ.

೭. ಎದುರುದಾರಳು: ಚಂದನಾ ಕೋಂ ಭಾಸ್ಕರ ನಾಯ್ಕ. ನನ್ನ ಸೊಸೆ.

೮. ಪ್ರಾರ್ಥನೆ: ಸದರಿ ಕೌದಿಗೆ ಕತ್ತರಿ ತಾಗಿಸಕೂಡದು. ನಾನು ತೀರಿಕೊಂಡ ದಿನ ಅದನ್ನು ನನ್ನ ಮೇಲೆ ಹೊದಿಸಿ ನನ್ನ ಸಂಗಡವೇ ಕಳುಹಿಸತಕ್ಕದ್ದು.

ಈ ಅರ್ಜಿಯನ್ನು ಸ್ವೀಕರಿಸುವ ಕಚೇರಿ ಭಟ್ಕಳದಲ್ಲೂ ಇಲ್ಲ, ಕಾರವಾರದಲ್ಲೂ ಇಲ್ಲ. ಆದ್ದರಿಂದ ಐಸ್ ಫ್ಯಾಕ್ಟರಿಯವರು ನನ್ನ ಮಗ ಭಾಸ್ಕರನಿಗೆ ಕೊಟ್ಟು, ಅವನು ಒಂದಕ್ಷರವೂ ಬರೆಯದೆ ಬಿಟ್ಟ ಈ ಡೈರಿಯಲ್ಲಿ ನನ್ನ ಮುಂದೆಯೇ ನಾನು ದಾಖಲಿಸುತ್ತಿದ್ದೇನೆ.

ಸಂಗತಿ ಹೀಗಿದೆ. ರಸ್ತೆ ಬದಿಯ ಕೋಣೆಯಲ್ಲಿ ಹಿಂದೆ ನನ್ನ ಗಂಡ ಬಲೆ ಇಡುತ್ತಿದ್ದರು. ಈಗ ಅಲ್ಲಿ ಎದುರುದಾರಳು ಹೊಲಿಗೆ ಮಿಶನ್ನು ಹಾಕಿದ್ದಾಳೆ. ನೆರೆಮನೆಯ ಗಂಗಿಯನ್ನು ಜೊತೆಗಿಟ್ಟುಕೊಂಡು ಊರವರ ಹಳೇ ಕೌದಿಗಳನ್ನು ಕೇಳಿ ತಂದು, ಕತ್ತರಿಸಿ, ಹೆಗಲಿಗೆ ಹಾಕುವ ಚೀಲ ಹೊಲಿಯುತ್ತಾಳೆ. ಕುಮಟೆಯಲ್ಲಿ ಅಂಗಡಿ ಇಟ್ಟಿರುವ ಶಾಂಭವಿ ಎಂಬವರು ಅವನ್ನು ಕೊಳ್ಳುತ್ತಾರೆ. ಊರವರು ಕೊಟ್ಟರೆ ಅದು ಊರವರ ಮರ್ಜಿ. ಆದರೆ ಇಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಎದುರುದಾರಳು ಕೇಳಿದಳು:

“ಅತ್ತೆ, ನಿಮ್ಮ ಪೆಟ್ಟಿಗೇಲಿ ಒಂದು ಕೌದಿ ಅದೆ ಅಲಾ, ಅದ್ನ ಒಂದ್ ಸಲ ತೋರಿಸ್ತ್ರಾ?”

“ಎಂತಕೆ?”

“ಸುಮ್ನೆ ನೋಡುಕೆ.”

“ಕತ್ತರಿ ಹಿಡ್ಕಂಡು ಯಾರೂ ಸುಮ್ನೆ ನೋಡೂದಿಲ್ಲ.”

ಭಾಸ್ಕರನಿಗೆ ಅನ್ನ ನೆತ್ತಿಗೇರಿತು. “ಅಮ್ಮ, ಅವಳ ಕೈಲಿರೂದು ಕತ್ರಿ ಅಲ್ಲ, ಸೌಟು.”

“ಇವತ್ತು ಸೌಟು” ಎಂದು ಹೇಳಿ ಎದ್ದೆ. ಮಜ್ಜಿಗೆ ಬಿಟ್ಟು ಎದ್ದದ್ದು ನಷ್ಟ. ಆದರೂ ಎದ್ದೆ.

೭-೧೧-೨೦೨೪, ಗುರುವಾರ

ಬೆಳಿಗ್ಗೆ ನನ್ನ ಕುರ್ಚಿಯನ್ನು ಜಗುಲಿಯ ತೆಂಕು ಬದಿಗೆ ಸರಿಸಿಕೊಂಡೆ. ಗಾಳಿಯ ಸಲುವಾಗಿ. ಅಲ್ಲಿಂದ ಹೊಲಿಗೆ ಕೋಣೆಯ ಒಳಗೂ ಕಾಣುತ್ತದೆ ಎಂಬುದು ಬೇರೆ ವಿಷಯ.

ಗಂಗಿ ತನ್ನ ಮನೆಯದೇ ಒಂದು ಕೌದಿ ತಂದು ನೆಲಕ್ಕೆ ಹಾಸಿ, ನಟ್ಟನಡುವೆ ಕತ್ತರಿ ಇಟ್ಟು ಎಳೆದಳು. ಮೂಲೆಯೊಂದು ಹರಿದು ಅಲ್ಲಿಂದ ಕಂದು ಪುಡಿ, ನುಚ್ಚು, ಹೊಟ್ಟು ಉದುರಿತು. ಅವಳು ಕಸಬರಿಗೆ ತಂದಳು. ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

“ಗಂಗೀ, ಕಸಬರಿಗೆ ಕೆಳಗಿಡು.”

“ಎಂತ ಆತು ಮಾಸ್ತಕ್ಕ?”

“ಕಸ ಅಲ್ಲ ಅದು. ಕೌದಿ ಹೊಟ್ಟೆ.”

ನಮ್ಮಲ್ಲಿ ಕೌದಿಯ ಮೂರು ಮೂಲೆ ಮುಚ್ಚಿದ ಮೇಲೆ ನಾಲ್ಕನೆಯ ಮೂಲೆಗೆ ಒಂದು ಚಿಟಿಕೆ ಅಕ್ಕಿ ಇಟ್ಟು ಹೊಲಿಯುವುದು ಪದ್ಧತಿ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬಾರದು ಎಂದು ನನ್ನ ತಾಯಿ ಹೇಳುತ್ತಿದ್ದಳು. ಇದನ್ನು ಗಂಗಿಗೆ ವಿವರಿಸಿದೆ.

“ಇದ್ನ ಹೊಲ್ದದ್ದು ನನ್ನ ಅತ್ತೆ” ಎಂದಳು ಗಂಗಿ. “ಅವ್ರು ಇಪ್ಪಾಗ ನನ್ನ ಹೊಟ್ಟೆಗೇ ಸಮಾ ಹಾಕ್ಲಿಲ್ಲ. ಕೌದಿ ಹೊಟ್ಟೆ ತುಂಬ್ಸಿದ್ರಾ! ನೋಡಿ ಈಗ ಗೊತ್ತಾತು ನಂಗೆ.”

ಎದುರುದಾರಳು ನಗಲಿಲ್ಲ. ಕತ್ತರಿ ಪಕ್ಕಕ್ಕಿಟ್ಟು, “ಹಂಗಾರೆ ಎಂತ ಮಾಡೂದು ಅತ್ತೆ, ನೀವೇ ಹೇಳಿ” ಎಂದಳು.

ಹೇಳಿದೆ. ದಾರದ ತುದಿಗೆ ಗಂಟು ಇಲ್ಲದ ಮೂಲೆಯೇ ನಾಲ್ಕನೆಯದು. ಮೊದಲು ಅದನ್ನು ಸೂಜಿಯಿಂದ ಬಿಚ್ಚಬೇಕು. ಅಕ್ಕಿಯನ್ನು ತೆಂಗಿನ ಬುಡಕ್ಕೆ ಹಾಕಬೇಕು. ಕತ್ತರಿ ಆಮೇಲೆ. ಇದನ್ನು ಒಪ್ಪಿಗೆಯೆಂದು ಯಾರೂ ಭಾವಿಸಕೂಡದು. ಹೆಣಕ್ಕೂ ಸಂಸ್ಕಾರ ಮಾಡುತ್ತೇವೆ, ಸಾವಿಗೆ ಒಪ್ಪಿಗೆ ಕೊಟ್ಟು ಅಲ್ಲ.

೮-೧೧-೨೦೨೪, ಶುಕ್ರವಾರ

ಮೂಲೆಯಿಂದಲೇ ಬಿಚ್ಚುತ್ತಿದ್ದಾರೆ. ಮೂರು ಬಾರಿ ಹೋಗಿ ನೋಡಿದೆ. ಬೇರೆ ವಿಶೇಷವಿಲ್ಲ.

೧೫-೧೧-೨೦೨೪, ಶುಕ್ರವಾರ

ಶಾಂಭವಿಯವರು ಕುಮಟೆಯಿಂದ ಬಂದಿದ್ದರು. ತೋಟದ ಮನೆಯ ಹೆಣ್ಣು. ಹೆದ್ದಾರಿಯ ಪಕ್ಕದಲ್ಲಿ ಸ್ವಂತ ಅಂಗಡಿ ನಡೆಸುತ್ತಾರೆ. ಕಾರನ್ನು ತಾವೇ ಓಡಿಸುತ್ತಾರೆ. ಈ ಕೊನೆಯ ಸಂಗತಿಯ ಬಗ್ಗೆ ನನ್ನ ತಕರಾರಿಲ್ಲ.

ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಬೇಕಂತೆ; ಬಟ್ಟೆ ಯಾರದು, ಎಲ್ಲಿಯದು ಎಂದು ಕೊಳ್ಳುವವರು ತಿಳಿಯಬೇಕಂತೆ. ಸದರಿ ಚಂದನಾ ಬರೆದ ಚೀಟಿಯನ್ನು ನೋಡಿದೆ: “ಹಳೆಯ ಕೌದಿ. ಕೈಹೊಲಿಗೆ.” ಇದು ವಿವರವಲ್ಲ, ಕೆಮ್ಮು. ಮನೆಯಲ್ಲಿ ಬರೆಯಬಲ್ಲವಳು ಒಬ್ಬಳಿರುವಾಗ ಇಂಥ ಚೀಟಿ ಹೊರಗೆ ಹೋಗುವುದು ನನ್ನ ತಂದೆಗೆ ಅವಮಾನ. ಪೆನ್ನು ತೆಗೆದುಕೊಂಡು ಬರೆದೆ:

“ಈ ಚೀಲದ ಬಟ್ಟೆಯು ಹಿಂದೆ ಗಂಗಿ ಕೋಂ ಮಂಜು ನಾಯ್ಕ, ತೆಂಗಿನಗುಂಡಿ ರಸ್ತೆ, ಇವರ ಅತ್ತೆಯ ಕೈಹೊಲಿಗೆಯ ಕೌದಿಯಾಗಿತ್ತು. ಸದರಿ ಕೌದಿಯ ಮೇಲೆ ಮನೆಯ ಮಕ್ಕಳೆಲ್ಲ ಮಲಗಿ ಬೆಳೆದಿದ್ದಾರೆ. ಕಿರಿಯವನು ಅದರ ಮೇಲೆ ಉಚ್ಚೆ ಹೊಯ್ದದ್ದು ನಿಜ. ಅದನ್ನು ಆಗಿಂದಾಗ್ಗೆ ತೊಳೆಯಲಾಗಿದೆ.”

ಶಾಂಭವಿಯವರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೆಂದು ಆಮೇಲೆ ತಿಳಿಯಿತು.

“ಮಾಸ್ತಮ್ಮ, ಉಚ್ಚೆ ಒಂದು ತೆಗೀರಿ.”

“ತೊಳ್ದದ್ದನ್ನೂ ಬರ್ದಿದ್ದೆ ಅಲಾ.”

“ತೊಳ್ದಿದ್ದು ಹೌದು. ಆದ್ರೆ ಇಷ್ಟುದ್ದ ಆದ್ರೆ ಚೀಲಕ್ಕಿಂತ ಚೀಟಿಯೇ ದೊಡ್ಡದಾಗ್ತದೆ.”

“ಹಂಗಾರೆ ಚೀಲ ದೊಡ್ಡದು ಹೊಲೀಲಿ.”

ಗಂಗಿ ಮಿಶನ್ನಿನ ಹಿಂದೆ ತಲೆ ತಗ್ಗಿಸಿದಳು, ಬೆನ್ನು ಕುಲುಕುತ್ತಿತ್ತು. ಕಡೆಗೆ ಒಪ್ಪಂದವಾಯಿತು. ಉಚ್ಚೆ ಹೋಯಿತು, ಉಳಿದದ್ದು ಉಳಿಯಿತು. ಇನ್ನು ಮುಂದೆ ಚೀಟಿಗಳು ನನ್ನ ಕೈಬರಹದಲ್ಲೇ ಹೋಗತಕ್ಕದ್ದು ಎಂದು ಶಾಂಭವಿಯವರೇ ಹೇಳಿದರು. ನಾನು ಕೇಳಿಕೊಂಡದ್ದಲ್ಲ.

೨೨-೧೧-೨೦೨೪, ಶುಕ್ರವಾರ

ಕುಮಟೆಯಲ್ಲಿ ಬರುವ ತಿಂಗಳು ಕೈಕಸುಬಿನ ಪ್ರದರ್ಶನವಿದೆ. ಶಾಂಭವಿಯವರು ಅಲ್ಲೊಂದು ಮಳಿಗೆ ಹಿಡಿದು, ಹೆಚ್ಚು ಚೀಲ ಬೇಕೆಂದು ಕೇಳಿದ್ದಾರೆ. ಇದು ಆದರೆ ವರ್ಷವಿಡೀ ಕೆಲಸ ಇರುತ್ತದೆ, ಗಂಗಿಯಂಥ ಇನ್ನೊಬ್ಬರನ್ನು ಕರೆಯಬಹುದು ಎಂದು ಚಂದನಾ ಊಟದ ಹೊತ್ತಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಬಂಗಡೆ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು. ನಾನೂ ಹೇಳಲು ಮರೆತೆ.

ತೊಂದರೆ ಒಂದೇ. ಊರಿನ ಹಳೇ ಕೌದಿಗಳು ಮುಗಿದಿವೆ. ಈಗಿನವರು ಅಂಗಡಿಯ ಬ್ಲ್ಯಾಂಕೆಟ್ಟು ಹೊದೆಯುತ್ತಾರೆ. ಅದಕ್ಕೆ ಹೊಟ್ಟೆಯೂ ಇಲ್ಲ, ಮೂಲೆಯೂ ಇಲ್ಲ.

ಊಟವಾದ ಮೇಲೆ ಚಂದನಾ ನನ್ನ ಕೋಣೆಯ ಕಡೆ ಒಮ್ಮೆ ನೋಡಿದಳು. ನಾನು ಕೀಲಿಕೈಯನ್ನು ಎಡಗಡೆಯಿಂದ ಬಲಗಡೆಗೆ ಸಿಕ್ಕಿಸಿಕೊಂಡೆ, ಕಾಣುವ ಹಾಗೆ.

೨೬-೧೧-೨೦೨೪, ಮಂಗಳವಾರ

ಇಂದಿನ ಸಂಗತಿಯನ್ನು ಕ್ರಮವಾಗಿ ಬರೆಯಬೇಕು. ಕೈ ಇನ್ನೂ ಕೆಂಪಾಗಿದೆ.

ಬೆಳಿಗ್ಗೆ ಶಾಂಭವಿಯವರ ಕಾರು ಬಂದು ಒಂದು ಕ್ಯಾನನ್ನು ಇಳಿಸಿತು. ಅವರು ಅಂಗಳದಲ್ಲಿ ನಿಂತು ಫೋನಿನಲ್ಲಿ ತಮ್ಮ ಮನೆಯವರ ಹತ್ತಿರ, “ಇಲ್ಲೆ ಆಯಿ, ಊಟಕ್ಕೆ ಬತ್ನಿಲ್ಲೆ, ಇಲ್ಲಿ ಕೆಲ್ಸ ಇದ್ದು” ಎನ್ನುತ್ತ ಚಂದನಾಗೆ ಕೈಯಲ್ಲೇ ಏನೋ ಸನ್ನೆ ಮಾಡಿ ಹೋದರು. ಕ್ಯಾನಿನಲ್ಲಿದ್ದದ್ದು ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು. ಚಂದನಾ ಅದನ್ನು ಅಂಗಳದ ಒಲೆಯ ಮೇಲೆ ಹಂಡೆಗೆ ಸುರಿದು ಬಿಸಿ ಮಾಡಿದಳು. ಮೊನ್ನೆ ಹೊಸ ಬಟ್ಟೆಯಲ್ಲಿ ತಾನೂ ಗಂಗಿಯೂ ಹೊಲಿದ ಕೌದಿಯ ತುಂಡುಗಳನ್ನು ಒಂದೊಂದಾಗಿ ಅದರಲ್ಲಿ ಅದ್ದಿದಳು. ಬಟ್ಟೆ ಹೊರಗೆ ಬರುವಾಗ ಮುದಿಯಾಗಿ ಬಂತು. ಗಂಗಿ ಅದನ್ನು ಕಲ್ಲಿಗೆ ಉಜ್ಜಿ ಅಲ್ಲಲ್ಲಿ ನೂಲು ಎಬ್ಬಿಸುತ್ತಿದ್ದಳು.

ಚಂದನಾ ಒಂದು ಖಾಲಿ ಚೀಟಿ ಹಿಡಿದು ನನ್ನ ಕುರ್ಚಿಯ ಹತ್ತಿರ ಬಂದಳು.

“ಅತ್ತೆ, ಇದ್ರ ಮೇಲೆ ಎಂಬತ್ತು ವರ್ಷ ಹಳೇದು ಅಂತ ಬರೀಬೇಕಂತೆ, ಶಾಂಭವಕ್ಕ ಹೇಳಿದ್ರು. ಎರಡು ಸಾಲು ಸಾಕು.”

“ಯಾರ ಎಂಬತ್ತು ವರ್ಷ?”

“ಯಾರದೋ ಒಬ್ರದು.”

“ಹೆಸ್ರು?”

“ಎಂತದಾದ್ರೂ ಹಾಕಿ ಅತ್ತೆ. ಕುಮಟೆಗೆ ಬಂದವರು ಇಲ್ಲಿ ಬಂದು ಕೇಳ್ತ್ರಾ?”

ಆಗ ನಾನು ಹೇಳಿದ್ದನ್ನು ಯಥಾವತ್ತಾಗಿ ನಮೂದಿಸುತ್ತೇನೆ: “ಹುಟ್ಟದ ಹೆಂಗಸಿಗೆ ನಾನು ಹೆಸ್ರಿಡೂದಿಲ್ಲ. ಮೊನ್ನೆ ಹುಟ್ಟಿದ ಬಟ್ಟೆಗೆ ನರೆ ಬರ್ಸೂದಿಲ್ಲ. ನನ್ನ ಅಪ್ಪ ಎದುರಿಗೆ ಕೂತವನ ಮುಖ ನೋಡದೆ ಒಂದಕ್ಷರ ಬರೀಲಿಲ್ಲ.”

“ಅಪ್ಪನ ಕಾಲ ಬೇರೆ ಇತ್ತು.”

“ಅಕ್ಷರ ಅದೇ ಅದೆ.”

ಇಷ್ಟು ಹೇಳಿ ಎದ್ದು ಹೋಗಿ ಹಂಡೆಯನ್ನು ಓರೆ ಮಾಡಿದೆ. ಚೊಗರು ಅಂಗಳದ ಉದ್ದಕ್ಕೂ ಹರಿದು ತೆಂಗಿನ ಬುಡ ಸೇರಿತು. ಗಂಗಿ ಸೀರೆ ಎತ್ತಿಕೊಂಡು ಹಾರಿ, “ಮಾಸ್ತಕ್ಕನಿಗೆ ಮೈಮೇಲೆ ಬಂತು ಮಾರಾಯ್ರೆ!” ಎಂದು ಕೂಗಿದಳು.

ಚಂದನಾ ಕೂಗಲಿಲ್ಲ. ಕೂಗಿದ್ದರೆ ಉತ್ತರವಿತ್ತು. ಖಾಲಿ ಹಂಡೆಯನ್ನು ನೋಡುತ್ತ ಮೆಲ್ಲಗೆ ಹೇಳಿದಳು:

“ಹಂಗಾರೆ ಹಳೇ ಕೌದಿ ಎಲ್ಲಿಂದ ತರ್ಲಿ ಅತ್ತೆ? ಎಲ್ಲಾ ಮನೆ ಬಾಗ್ಲಿಗೂ ಹೋಗಿ ಬಂದೆ. ಈ ರಸ್ತೇಲಿ ಒಂದೇ ಒಂದು ಉಳ್ದದೆ. ಅದು ನಿಮ್ಮ ಪೆಟ್ಟಿಗೇಲಿ ಅದೆ. ನಿಮ್ಗೆ ನಿಜವೇ ಬೇಕು ಅಂದ್ರೆ ಆತು, ಆ ನಿಜ ಕೊಡಿ. ಕೊಡೂದಿಲ್ಲ ಅಂದ್ರೆ ಸುಳ್ಳು ಹೊಲಿಯುಕೆ ಬಿಡಿ. ಎರಡೂ ಇಲ್ಲ ಅಂದ್ರೆ ನಾನು ಮಿಶನ್ನು ಮಾರಿ ಮನೇಲಿ ಕೂತ್ಕಳ್ತೆ.”

ಈ ಪ್ರಶ್ನೆಗೆ ಕೈಫಿಯತ್ತು ಸಲ್ಲಿಸಲು ನಾನು ಕಾಲಾವಕಾಶ ತೆಗೆದುಕೊಂಡಿದ್ದೇನೆ. ತೆಗೆದುಕೊಂಡಿದ್ದೇನೆ ಎಂದು ಅವಳಿಗೆ ಹೇಳಿಲ್ಲ.

೨೭-೧೧-೨೦೨೪, ಬುಧವಾರ

ಮಿಶನ್ನಿನ ಸದ್ದಿಲ್ಲ. ತೆಂಕು ಬದಿಯಲ್ಲಿ ಗಾಳಿಯೂ ಇಲ್ಲ.

೨೯-೧೧-೨೦೨೪, ಶುಕ್ರವಾರ

ಭಾಸ್ಕರ ಬಂದರಿಗೆ ಐಸ್ ಹಾಕಿ ಬಂದವನು ಗಾಡಿ ತೊಳೆಯುತ್ತ ಹೇಳಿದ: “ಅಮ್ಮ, ಇಬ್ಬರ ನಡುವೆ ಇಪ್ಪುಕಿಂತ ನನ್ನ ಗಾಡಿ ಒಳಗೆ ಕೂತ್ಕಂಬೂದು ಬೆಚ್ಚಗದೆ.” ಹಾಸ್ಯವೆಂದು ತಿಳಿದು ಹೇಳಿರಬೇಕು.

೨-೧೨-೨೦೨೪, ಸೋಮವಾರ

ನಾನು ಸೋತು ಕೂತವಳಲ್ಲ ಎಂದು ತೋರಿಸಲು ಇಂದು ಖುದ್ದಾಗಿ ಹಳೇ ಕೌದಿ ಹುಡುಕಲು ಹೊರಟೆ. ಚಂದನಾ ಕೇಳಿದರೆ ಇಲ್ಲ ಎಂದವರು ನಾನು ಕೇಳಿದರೆ ಇಲ್ಲ ಎನ್ನಲಾರರು ಎಂಬುದು ನನ್ನ ಎಣಿಕೆ. ಮೊದಲು ಗಂಗಿಯ ಮನೆಗೆ ಹೋದೆ. ಅವಳ ಅಟ್ಟದ ಮೇಲೆ ಇನ್ನೊಂದು ಇದೆಯೆಂದು, ಅದನ್ನು ಅವಳು ಚಂದನಾಗೂ ಹೇಳಿಲ್ಲವೆಂದು ನನಗೆ ಗೊತ್ತಿತ್ತು. ಗಂಗಿ ಮೀನು ಕೊಯ್ಯುತ್ತಿದ್ದಳು. ವಿಷಯವನ್ನು ಪೀಠಿಕೆ ಸಹಿತ ತಿಳಿಸಿದೆ. ಅವಳು ಕತ್ತಿಯಿಂದ ತಲೆ ಎತ್ತದೆ ಕೇಳಿಸಿಕೊಂಡಳು.

“ಅಟ್ಟದ್ದು ನನ್ನ ಅಮ್ಮಂದು ಮಾಸ್ತಕ್ಕ.”

“ಗೊತ್ತದೆ. ಅದಕ್ಕೇ ಕೇಳ್ತಾ ಇದ್ದೆ. ಚೀಟಿ ಚೆನ್ನಾಗಿ ಬರ್ದು ಕೊಡ್ತೆ.”

“ನೀವು ಬರೀತ್ರಿ, ಅದ್ರಲ್ಲಿ ಎರಡು ಮಾತಿಲ್ಲ.” ಅವಳು ಮೀನಿನ ಬಾಲ ತೆಗೆದು ಬೆಕ್ಕಿಗೆ ಎಸೆದಳು. “ನನ್ನ ಅತ್ತೇದು ಕತ್ತರಿಗೆ ಹೋತು. ಈಗ ನನ್ನ ಅಮ್ಮಂದೂ ಕತ್ತರಿಗೆ. ನಿಮ್ಮ ಅಮ್ಮಂದು ಮಾತ್ರ ಪೆಟ್ಟಿಗೇಲಿ. ಎಂತಕೆ ಮಾಸ್ತಕ್ಕ, ನಮ್ಮ ಅಮ್ಮಂದಿರಿಗೆ ಸೂಜಿ ಚುಚ್ಚಲಿಲ್ಲನಾ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಮೀನು ತೊಳೆಯುತ್ತ ಹೇಳಿದಳು. ಆಮೇಲೆ ಎದ್ದು, ಕೈ ಒರೆಸಿಕೊಂಡು, ಅಟ್ಟ ಹತ್ತಿ ಆ ಕೌದಿಯನ್ನು ತಂದು ನನ್ನ ಕೈಗೆ ಕೊಟ್ಟೇ ಬಿಟ್ಟಳು. ಕೊಡದೆ ಇದ್ದಿದ್ದರೆ ಚೆನ್ನಾಗಿತ್ತು.

ಅದನ್ನು ಹೊತ್ತು ಮನೆಗೆ ಬರುವಾಗ ದಾರಿ ಉದ್ದವಾಗಿತ್ತು. ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಗಂಗಿಯ ಮಾತಿನಿಂದ ನನ್ನ ನಿಲುವು ಬದಲಾಗಿಲ್ಲ. ಆದರೆ ಮಾಬ್ಲ ನಾಯ್ಕರ ಮಗಳು ಪರರಿಗೆ ಒಂದು ಕಾಯ್ದೆ, ತನಗೆ ಒಂದು ಕಾಯ್ದೆ ಮಾಡಿಕೊಂಡಳು ಎಂದು ತೆಂಗಿನಗುಂಡಿ ರಸ್ತೆಯಲ್ಲಿ ಯಾರೂ ಆಡಕೂಡದು.

೫-೧೨-೨೦೨೪, ಗುರುವಾರ

ಬೆಳಗಿನ ಚಹಾ ಆದ ಕೂಡಲೇ ಪೆಟ್ಟಿಗೆ ತೆಗೆದೆ. ಕೌದಿಯನ್ನು ತಂದು ಹೊಲಿಗೆ ಕೋಣೆಯ ನೆಲದ ಮೇಲೆ ಇಟ್ಟು ಹೇಳಿದೆ: “ತಕರಾರನ್ನು ಕಾದಿರಿಸಿಕೊಂಡು ಹಾಜರುಪಡಿಸಿದ್ದೇನೆ.”

ಗಂಗಿ, “ಅಂದ್ರೆ ಎಂತ?” ಎಂದಳು.

“ಅಂದ್ರೆ ಕೊಡ್ತ್ರು, ಆದ್ರೆ ಬೈತಾ ಕೊಡ್ತ್ರು” ಎಂದಳು ಚಂದನಾ. ಅರ್ಥ ಸರಿಯಾಗಿದೆ. ಇವಳಿಗೆ ಕಾಗದದ ಭಾಷೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ನಾಲ್ಕನೆಯ ಮೂಲೆಯನ್ನು ನಾನೇ ಬಿಚ್ಚುತ್ತೇನೆಂದೆ. ದಕ್ಷಿಣದ ಬದಿ, ಬಣ್ಣ ತಿಳಿಯದಾದ ಬಟ್ಟೆಯ ಅಂಚಿನಲ್ಲಿ, ಗಂಟಿಲ್ಲದ ದಾರ. ಅದಕ್ಕೆ ಸೂಜಿ ಹಾಕಿ ಎಳೆದೆ. ಚಂದನಾ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಕ್ಕಿ ಪುಡಿಯಾಗಿ ಹೋಗಿತ್ತು. ಅದನ್ನು ಅಂಗೈಗೆ ತಟ್ಟಿಕೊಳ್ಳುವಾಗ ಒಳಗಿನ ಪದರ ಕಾಣಿಸಿತು. ಕಪ್ಪು ಬಟ್ಟೆ.

ನಮ್ಮ ಮನೆಯಲ್ಲಿ ಯಾವ ಹೆಂಗಸೂ ಕಪ್ಪು ಉಟ್ಟವಳಲ್ಲ.

ಇನ್ನಷ್ಟು ಬಿಚ್ಚಿದೆ. ದಪ್ಪನೆಯ ಕಪ್ಪು ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿ, ಎಲ್ಲೂ ಉಬ್ಬದ ಹಾಗೆ ಹಾಸಲಾಗಿತ್ತು. ತೋಳು ತೋಳಾಗಿರಲಿಲ್ಲ, ಬೆನ್ನು ಬೆನ್ನಾಗಿರಲಿಲ್ಲ. ಒಂದು ತುಂಡನ್ನು ಮಾತ್ರ ಹಾಗೇ ಬಿಡಲಾಗಿತ್ತು: ಎದೆಯ ಜೇಬು. ಅದರ ಕೆಳಗೆ ಮಸಿಯ ಕಲೆ.

ನನ್ನ ತಂದೆಯ ಕೋಟು.

ದಾಖಲೆಗಾಗಿ: ನನ್ನ ತಂದೆ ಕಚೇರಿಗೆ ಕಪ್ಪು ಕೋಟು ಹಾಕಿಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಕೋಟನ್ನು ಹೊರಗಿನ ಕೋಣೆಯ ಮೊಳೆಗೆ ನೇತುಹಾಕಿ, ಎದುರಿಗೆ ಊದುಬತ್ತಿ ಹಚ್ಚುತ್ತಿದ್ದೆವು. ಇನ್ನು ಮುಂದೆ ಆ ಮೇಜಿಗೆ ಕೂರುವವನಿಗೆ ಕೋಟು ಸೇರತಕ್ಕದ್ದು ಎಂದು ಚಿಕ್ಕಪ್ಪ ಹೇಳಿದ. ಕೂರುವವನು ಅವನೇ ಎಂಬುದನ್ನು ಹೇಳಬೇಕಾಗಿರಲಿಲ್ಲ. ಅದೇ ವಾರ ಕೋಟು ಕಾಣೆಯಾಯಿತು. ಮನೆಯನ್ನು ಬುಡಮೇಲು ಮಾಡಿ ಹುಡುಕಿದರು. ನನ್ನ ತಾಯಿ ಅಡಿಗೆಮನೆಯಲ್ಲಿ ಅಕ್ಕಿ ಕೇರುತ್ತಿದ್ದಳು. ತಲೆ ಎತ್ತಿ ನೋಡಲಿಲ್ಲ. ಚಿಕ್ಕಪ್ಪನೇ ಒಯ್ದು ನಾಟಕ ಮಾಡುತ್ತಿದ್ದಾನೆಂದು ನಾನು ಈ ದಿನದವರೆಗೂ ನಂಬಿದ್ದೆ.

ನನ್ನ ಮದುವೆಗೆ ಕೌದಿ ಹೊಲಿಯುವಾಗ ಮೇಲಿನ ತುಂಡುಗಳನ್ನು ಜೋಡಿಸಲು ನನ್ನನ್ನು ಕೂರಿಸಿಕೊಂಡ ತಾಯಿ, ಒಳಪದರದ ಹೊಟ್ಟೆ ತುಂಬುವ ದಿನ ಮಾತ್ರ ಹರಕೆ ಇದೆಯೆಂದು ಹೇಳಿ ನನ್ನನ್ನು ಸೋದರತ್ತೆಯ ಸಂಗಡ ಇಡಗುಂಜಿಗೆ ಕಳುಹಿಸಿದ್ದಳು. ಏನು ಹರಕೆ ಎಂದು ನಾನು ಕೇಳಿದೆ. “ನೀ ಹೋಗಿ ಕೈ ಮುಗಿ, ಗಣಪತಿಗೆ ಗೊತ್ತದೆ” ಎಂದಿದ್ದಳು.

ಮನೆಯ ಗಂಡಸರು ಮುಟ್ಟಲು ಹೆದರುತ್ತಿದ್ದ ಕೋಟಿಗೆ ಅವಳು ಕತ್ತರಿ ಇಟ್ಟಳು. ಊದುಬತ್ತಿಯಿಂದ ಇಳಿಸಿ ಮಗಳ ಹೊದಿಕೆ ಮಾಡಿದಳು. ಯಾರನ್ನೂ ಕೇಳಲಿಲ್ಲ. ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ, ಹೇಳಿದ್ದರೆ ನಾನು ಕೌದಿಯನ್ನೂ ಮೊಳೆಗೆ ನೇತುಹಾಕುತ್ತಿದ್ದೆ.

ಚಂದನಾ ಜೇಬನ್ನು ನೋಡುತ್ತ, “ಒಳಗೆ ಎಂತ ಅದೆ ಅತ್ತೆ?” ಎಂದಳು.

ಕೈ ಹಾಕಿ ನೋಡಿದೆ. “ಎಂತದೂ ಇಲ್ಲ.”

ಇರಬೇಕಾಗಿಯೂ ಇರಲಿಲ್ಲ.

ಗಂಗಿ ಸೆರಗಿನಿಂದ ಮೂಗೊರೆಸಿಕೊಂಡು, “ಇನ್ನು ಇದ್ನ ಕತ್ರಿಸುಕಾತದಾ? ಮಡಚಿ ಇಡಿ ಮಾಸ್ತಕ್ಕ, ನಾವು ಬೇರೆ ನೋಡ್ವ” ಎಂದಳು. ಚಂದನಾ ಕೂಡ ಕತ್ತರಿಯನ್ನು ಹಿಂದಕ್ಕೆ ಸರಿಸಿದಳು.

“ಕೊಡಿಲ್ಲಿ” ಎಂದೆ. ಕತ್ತರಿ ತೆಗೆದುಕೊಂಡೆ. ಕೆಂಪು ಅಂಚಿನ ಪೂರ್ವದ ಗಡಿಯಿಂದ ಆರಂಭಿಸಿ ಪಶ್ಚಿಮದ ನೀಲಿ ಚೌಕಳಿಯವರೆಗೆ ಒಂದೇ ಗೆರೆಯಲ್ಲಿ ಕತ್ತರಿಸಿದೆ. ಗೆರೆ ಸೊಟ್ಟವಾಗಲಿಲ್ಲ. ತಾಯಿಯ ಪಟ್ಟಿಗಳೂ ಸೊಟ್ಟವಾಗಿರಲಿಲ್ಲ.

ಕಲಂ ಐದಕ್ಕೆ ತಿದ್ದುಪಡಿ: ನನ್ನ ತಾಯಿಯ ಹೆಸರು ಲಕ್ಕಿ. ನಮೂದಿಸತಕ್ಕದ್ದು ಇದೆ.

೭-೧೨-೨೦೨೪, ಶನಿವಾರ

ಮಿಶನ್ನು ಬೆಳಗಿನಿಂದ ನಡೆಯುತ್ತಿದೆ. ಗಂಗಿಯ ಅಮ್ಮನದೂ ನನ್ನ ಅಮ್ಮನದೂ ಪಕ್ಕಪಕ್ಕ ಹೊಲಿಗೆಗೆ ಬಂದಿವೆ. ಯಾವ ಚೀಲಕ್ಕೆ ಯಾರ ಅಂಚು ಹೋಯಿತೆಂದು ಚೀಟಿಗೆ ಬರೆದುಕೊಳ್ಳಲು ಮಧ್ಯದಲ್ಲೇ ಕುರ್ಚಿ ಹಾಕಿಕೊಂಡಿದ್ದೇನೆ. ಜಗುಲಿಯಲ್ಲಿ ಬಿಸಿಲು.

ನನ್ನ ಅಮ್ಮನ ಕೌದಿಯ ಚೀಲಗಳಲ್ಲಿ ಕೋಟು ಒಳಪದರವಾಗಿಯೇ ಉಳಿದಿದೆ; ಒಂದು ಚೀಲ ಮಾತ್ರ ಪ್ರತ್ಯೇಕ. ಅದಕ್ಕೆ ಅಸ್ತರಾಗಿ ಕೋಟಿನ ಕಪ್ಪು ಪಟ್ಟಿಗಳನ್ನು ಹಾಕಿ, ಒಳಗೆ ಆ ಜೇಬನ್ನೇ ಜೇಬಾಗಿ ಹೊಲಿಯಲು ಹೇಳಿದೆ. ಮಸಿಯ ಕಲೆ ಕಾಣುವ ಹಾಗೆ. ಇದನ್ನು ಮಾರುವುದಿಲ್ಲ, ಪ್ರದರ್ಶನಕ್ಕೆ ಚಂದನಾ ಹೆಗಲಿಗೆ ಹಾಕಿಕೊಂಡು ಹೋಗತಕ್ಕದ್ದು. ತಾನು ಮಾಡುವ ಚೀಲ ತನ್ನಲ್ಲೇ ಇಲ್ಲದಿದ್ದರೆ ನೋಡುವವರು ಏನೆಂದಾರು.

“ನಂಗಾ?” ಎಂದಳು.

“ಮತ್ತೆ ಗಂಗಿಗಾ?”

ಗಂಗಿ, “ನಂಗೆ ಕೊಟ್ರೂ ಬೇಡ ಮಾರಾಯ್ರೆ, ಅಷ್ಟು ತೂಕದ ಅಪ್ಪನ್ನ ಹೊರೂದು ಯಾರು!” ಎಂದಳು.

೧೧-೧೨-೨೦೨೪, ಬುಧವಾರ

ಶಾಂಭವಿಯವರು ಚೀಲಗಳನ್ನು ಒಯ್ಯಲು ಬಂದರು. ಚೊಗರಿನ ಹಂಡೆ ಮಗುಚಿದ್ದನ್ನು ಗಂಗಿ ಮೊದಲೇ ಫೋನಿನಲ್ಲಿ ವರ್ಣಿಸಿದ್ದಳಂತೆ. ಹಂಡೆಯ ಬಗ್ಗೆ ಕೇಳಲಿಲ್ಲ. ಬಟ್ಟೆಯನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ಆಮೇಲೆ ನನ್ನ ಚೀಟಿ ಓದಿದರು.

“ಇದೊಂದು ಸಾಲು ಬೇಡ ಮಾಸ್ತಮ್ಮ. ‘ತೀರಿಕೊಂಡವರ ಕೋಟು ಒಳಪದರದಲ್ಲಿತ್ತು’ ಅಂತ. ಓದಿದವರು ಚೀಲ ಕೆಳಗಿಡ್ತ್ರು.”

“ಇಡ್ಲಿ.”

“ನಿಮಗೆ ಅರ್ಥ ಆಗ್ತಾ ಇಲ್ಲೆ…” ಎಂದು ಆರಂಭಿಸಿ, “ಇಲ್ಲ” ಎಂದು ತಿದ್ದಿಕೊಂಡರು. “ಯಾರೂ ಸತ್ತವರದ್ದು ಹೆಗಲಿಗೆ ಹಾಕಿಕೊಳ್ಳೂದಿಲ್ಲ.”

ನನ್ನ ಪರವಾಗಿ ಉತ್ತರ ಕೊಡಲು ನಾನು ಯಾರನ್ನೂ ನೇಮಿಸಿರಲಿಲ್ಲ. ಆದರೂ ಚಂದನಾ ಎದ್ದು ನಿಂತಳು.

“ಶಾಂಭವಕ್ಕ, ಸತ್ತವರದ್ದು ಅಲ್ದೆ ಹಳೇದು ಎಲ್ಲಿಂದ ಬರ್ತದೆ? ಸಾಲು ಇಪ್ಪೂದಾದ್ರೆ ಚೀಲ ತಕಂಡು ಹೋಗಿ. ಇಲ್ದಿದ್ರೆ ಇಲ್ಲೇ ಇಡಿ.”

ಶಾಂಭವಿಯವರು ಇಬ್ಬರ ಮುಖವನ್ನೂ ಒಮ್ಮೆ ನೋಡಿ, “ಆತು” ಎಂದರು. “ಆದ್ರೆ ಕೇಳಿದವರಿಗೆ ಉತ್ತರ ಹೇಳೂದು ನಾನಲ್ಲ. ನೀವೇ ಬಂದು ಕೂತ್ಕಳಿ.”

ಸವಾಲನ್ನು ಸ್ವೀಕರಿಸಿದೆ.

೧೫-೧೨-೨೦೨೪, ಭಾನುವಾರ

ಕುಮಟೆಗೆ ರೈಲಿನಲ್ಲಿ ಹೋಗಿ ಬಂದೆವು. ಮಳಿಗೆಯಲ್ಲಿ ನನಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದರು. ಕೈ ಇಡುವ ಜಾಗವಿತ್ತು, ತಕರಾರಿಲ್ಲ. ಕೋಟಿನ ಚೀಲಗಳನ್ನು ಶಾಂಭವಿಯವರು ಹಿಂದಿನ ಸಾಲಿಗೆ ಇಟ್ಟಿದ್ದರು. ಅವರು ಚಹಾಕ್ಕೆ ಹೋದಾಗ ಮುಂದಿನ ಸಾಲಿಗೆ ತಂದೆ.

ಒಬ್ಬಾಕೆ ಚೀಟಿ ಓದಿ, ಚೀಲ ಕೆಳಗಿಟ್ಟು, ಬೆರಳನ್ನು ಸೀರೆಗೆ ಒರೆಸಿಕೊಂಡು ಹೋದರು. ಶಾಂಭವಿಯವರು ನನ್ನನ್ನು ನೋಡಿದರು. ನಾನು ರಸ್ತೆಯನ್ನು ನೋಡಿದೆ. ಇನ್ನೊಬ್ಬಾಕೆ, ಕಾಲೇಜಿನಲ್ಲಿ ಕಲಿಸುವವರಂತೆ, ನಿಂತು ಪೂರ್ತಿ ಓದಿದರು. ಕೌದಿ ಹೊಲಿದವರು ಯಾರು ಎಂದು ಕೇಳಿದರು. ಲಕ್ಕಿ ಕೋಂ ಮಾಬ್ಲ ನಾಯ್ಕ, ಹೊನ್ನಾವರ ಎಂದು ಹೇಳಿದೆ. ಈ ಹೆಸರನ್ನು ಇಷ್ಟು ಜನರ ನಡುವೆ ಜೋರಾಗಿ ಹೇಳಿದ್ದು ಇದೇ ಮೊದಲು. ಅವರು ಆ ಚೀಲವನ್ನೇ ತೆಗೆದುಕೊಂಡು, ಹಳೆಯ ಚೀಲದಲ್ಲಿದ್ದದ್ದನ್ನೆಲ್ಲ ಅಲ್ಲೇ ಅದಕ್ಕೆ ತುಂಬಿಕೊಂಡು ಹೋದರು.

ಸಂಜೆಯ ಹೊತ್ತಿಗೆ ದೂರದ ಊರಿನ ಹೆಂಗಸೊಬ್ಬಳು ಚಂದನಾಳ ಹೆಗಲ ಮೇಲಿನ ಚೀಲವನ್ನು ತೋರಿಸಿ ಅದೇ ಬೇಕೆಂದಳು. ಇದು ಮಾರಾಟಕ್ಕಲ್ಲ ಎಂದರೂ ಬಿಡಲಿಲ್ಲ. ಹೆಚ್ಚು ಕೊಡುತ್ತೇನೆಂದಳು. ಶಾಂಭವಿಯವರು ಕಣ್ಣಲ್ಲೇ ಒತ್ತಾಯ ಮಾಡಿದರು. ಬೇರೊಂದನ್ನು ಹೊಲಿದುಕೊಳ್ಳಬಹುದು ಎಂದು ಮೆಲ್ಲಗೆ ಹೇಳಿದರು. ನಾನು ಬಾಯಿ ಹಾಕಲಿಲ್ಲ. ಕೊಟ್ಟದ್ದು ಕೊಟ್ಟಾಗಿದೆ.

ಚಂದನಾ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಕೊಡೂದಿಲ್ಲ. ನಾನು ಸತ್ತ ದಿನ ಇದು ನನ್ನ ಸಂಗಡ ಹೋಗೂದು.”

ಇಂಥ ಹಟ ಈ ಹುಡುಗಿಗೆ ಎಲ್ಲಿಂದ ಬಂತೋ ತಿಳಿಯದು. ಅವಳ ತವರಿನಲ್ಲಿ ಎಲ್ಲರೂ ಮೆದು ಸ್ವಭಾವದವರು. ವಿಚಾರಿಸಬೇಕು.

ಮನೆಗೆ ಬಂದು ನೋಡಿದರೆ ಪೆಟ್ಟಿಗೆ ತೆರೆದೇ ಇತ್ತು. ಬೀಗ ಹಾಕಿದ ನೆನಪಿಲ್ಲ. ಕೀಲಿಕೈ ಎಲ್ಲಿದೆಯೆಂದು ನಾಳೆ ಹುಡುಕಿದರೂ ನಡೆಯುತ್ತದೆ.

ಮೊದಲನೆಯ ದಿನದ ಹೇಳಿಕೆಗೆ ಕೆಳಕಂಡ ಬದಲಾವಣೆಗಳನ್ನು ಸೇರಿಸಿ ಓದತಕ್ಕದ್ದು. ಕಲಂ ಏಳರಲ್ಲಿ ‘ಎದುರುದಾರಳು’ ಎಂದಿರುವಲ್ಲಿ ‘ಸಹ ಅರ್ಜಿದಾರಳು’ ಎಂದು ಓದುವುದು. ಕಲಂ ಎಂಟರ ಪ್ರಾರ್ಥನೆಯಲ್ಲಿ ಇಡೀ ಕೌದಿಯ ಬದಲಿಗೆ ಈ ಪುಟಕ್ಕೆ ಸೂಜಿ ಚುಚ್ಚಿ ಇಟ್ಟಿರುವ ತುಂಡನ್ನು ನನ್ನ ಮುಷ್ಟಿಯಲ್ಲಿ ಇಟ್ಟರೆ ಸಾಕು. ಮೈಮೇಲೆ ಏನಾದರೂ ಹೊದಿಸಿ; ಬ್ಲ್ಯಾಂಕೆಟ್ಟು ಮಾತ್ರ ಬೇಡ. ಉಳಿದ ಎಲ್ಲ ತಕರಾರುಗಳು ಜಾರಿಯಲ್ಲಿವೆ.

(ಸಹಿ) ಮಾಸ್ತಮ್ಮ ಕೋಂ ದುರ್ಗಪ್ಪ ನಾಯ್ಕ,
ಲಕ್ಕಿಯ ಮಗಳು.

ಲಗತ್ತು: ಕೌದಿಯ ನಾಲ್ಕನೆಯ ಮೂಲೆ, ಒಂದು. ಹೊಸ ಅಕ್ಕಿ ಇಟ್ಟು ಹೊಲಿದದ್ದು. ದಾರಕ್ಕೆ ಗಂಟು ಹಾಕಿಲ್ಲ.